ಚರ್ಚ್‌ನ ನೆರವು ಪಡೆಯಲು ಕ್ರೈಸ್ತರೇ ಆಗಿರಬೇಕೇ?

ಪ್ರಶ್ನೆ: ನಗರದ ಚರ್ಚ್‌ಗಳು ಸೂರಿಲ್ಲದವರಿಗೂ ವೃದ್ಧರಿಗೂ ಊಟ, ಬಟ್ಟೆ, ಆಶ್ರಯ ನೀಡುತ್ತವೆ. ಅದನ್ನು ಪಡೆಯಲು ಕ್ರೈಸ್ತರಾಗಿರಬೇಕೇ? ಪ್ರಾರ್ಥನೆಗೆ ಕೂರಲೇಬೇಕೇ?

ಉತ್ತರ: ಸಾಮಾನ್ಯವಾಗಿ ಬೇಕಿಲ್ಲ. ಬಾಗಿಲಿಗೆ ಬಂದವರ ಕಷ್ಟವೊಂದನ್ನೇ ನೋಡಿ ನೆರವಾಗಬೇಕೆಂಬುದು ಚರ್ಚ್‌ಗಳಲ್ಲಿ ಬಹು ಹಿಂದಿನಿಂದ ಬಂದ ನಡೆ. 4ನೆಯ ಶತಮಾನದ ರೋಮನ್ ಚಕ್ರವರ್ತಿ ಜೂಲಿಯನ್ ಕ್ರೈಸ್ತ ಧರ್ಮವನ್ನು ತೊರೆದು ಹಳೆಯ ದೇವತೆಗಳ ಆರಾಧನೆಗೆ ಮರಳಿದವನು. ಅವನ ಹೆಸರಿನಲ್ಲಿ ಉಳಿದುಬಂದಿರುವ ಪತ್ರವೊಂದರಲ್ಲಿ, ಕ್ರೈಸ್ತರು ತಮ್ಮ ಬಡವರ ಜೊತೆಗೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ಇದು ನಮಗೆ ನಾಚಿಕೆಗೇಡು ಎಂಬ ಕೊರಗಿದೆ. ಎದುರಾಳಿಯ ಬಾಯಿಂದ ಬಂದ ಮಾತಾದ್ದರಿಂದ ಅದಕ್ಕೆ ತೂಕ ಹೆಚ್ಚು. ನಮ್ಮ ಕಾಲದಲ್ಲಿ ಪೋಪ್ 16ನೆಯ ಬೆನೆಡಿಕ್ಟ್ ಅವರೂ 2005ರ ತಮ್ಮ ಪರಿಪತ್ರದಲ್ಲಿ, ಸೇವೆಯನ್ನು ಮತಾಂತರದ ಸಾಧನವಾಗಿ ಬಳಸಕೂಡದೆಂದು ಸ್ಪಷ್ಟವಾಗಿ ಬರೆದಿದ್ದಾರೆ.

ವೃದ್ಧರ ಆರೈಕೆಯಲ್ಲಿ ಈ ನಡೆ ಇನ್ನೂ ಎದ್ದು ಕಾಣುತ್ತದೆ. 1839ರ ಚಳಿಗಾಲದಲ್ಲಿ ಫ್ರಾನ್ಸಿನ ಸೇಂಟ್ ಸರ್ವಾನ್ ಎಂಬ ಊರಿನಲ್ಲಿ, ಮನೆಗೆಲಸ ಮಾಡಿ ಬದುಕುತ್ತಿದ್ದ ಜೀನ್ ಜುಗಾನ್ ಎಂಬಾಕೆ, ದಿಕ್ಕಿಲ್ಲದ ಕುರುಡು ಮುದುಕಿಯೊಬ್ಬಳನ್ನು ಮನೆಗೆ ಕರೆತಂದು, ತನ್ನ ಹಾಸಿಗೆಯನ್ನೇ ಅವಳಿಗೆ ಬಿಟ್ಟುಕೊಟ್ಟು, ತಾನು ಅಟ್ಟದಲ್ಲಿ ಮಲಗಿದಳು. ಆಮೇಲೆ ಬುಟ್ಟಿ ಹಿಡಿದು ಮನೆ ಮನೆಗೆ ಹೋಗಿ ಅಂಥ ವೃದ್ಧರಿಗಾಗಿ ಬೇಡಿದಳು. ಅದರಿಂದ ಬೆಳೆದ ‘ಲಿಟಲ್ ಸಿಸ್ಟರ್ಸ್ ಆಫ್ ದ ಪೂರ್’ ಎಂಬ ಸನ್ಯಾಸಿನಿಯರ ಸಂಸ್ಥೆ ಇಂದಿಗೂ ಬಡ ವೃದ್ಧರನ್ನು ಧರ್ಮ ನೋಡದೆ ಸೇರಿಸಿಕೊಳ್ಳುತ್ತದೆ.

ಹಾಗೆಂದು ಯಾವ ನಿಯಮವೂ ಇರುವುದಿಲ್ಲವೆಂದಲ್ಲ. ವೃದ್ಧಾಶ್ರಮದಲ್ಲಿ ವಯಸ್ಸು, ಆರೋಗ್ಯ, ಖಾಲಿ ಹಾಸಿಗೆ ನೋಡುತ್ತಾರೆ. ರಾತ್ರಿ ತಂಗುದಾಣದಲ್ಲಿ ಕುಡಿದು ಬಂದವರನ್ನು ಒಳಗೆ ಬಿಡದಿರಬಹುದು.

ಇನ್ನು ಪ್ರಾರ್ಥನೆಯ ವಿಚಾರ. ಊಟಕ್ಕೆ ಮುನ್ನ ಒಂದೆರಡು ಸಾಲಿನ ಪ್ರಾರ್ಥನೆ ಹೇಳುವ ರೂಢಿ ಅನೇಕ ಕಡೆ ಇದೆ. ಆಗ ಸುಮ್ಮನೆ ನಿಂತಿದ್ದರೆ ಸಾಕು. ಆದರೆ ದೀರ್ಘ ಉಪದೇಶ ಮುಗಿದ ಮೇಲಷ್ಟೇ ಬಡಿಸುವುದಾದರೆ, ಬಾಯಿಬಿಟ್ಟು ಹೇಳದಿದ್ದರೂ ಅದು ಷರತ್ತೇ ಆಗುತ್ತದೆ, ಮತ್ತು ಅದು ತಪ್ಪೆಂದೇ ನನ್ನ ದೃಢವಾದ ಅಭಿಪ್ರಾಯ. ರಾತ್ರಿ ಬೀದಿಯಲ್ಲಿ ಮಲಗಿ, ಹಗಲೆಲ್ಲ ನಡೆದು, ಒದ್ದೆ ಕಾಲುಚೀಲದೊಳಗೆ ಪಾದ ಬಿರಿದು ಬಂದವನಿಗೆ ನಡುವೆ ಎದ್ದುಹೋಗುವ ಧೈರ್ಯ ಎಲ್ಲಿಂದ ಬರಬೇಕು? ಹಸಿದವನ ಮೌನವನ್ನು ಒಪ್ಪಿಗೆಯೆಂದು ಎಣಿಸಲಾಗದು. ಪ್ರಾರ್ಥನೆ ಬೇರೆ ಹೊತ್ತಿನಲ್ಲಿ, ಬೇರೆ ಕೋಣೆಯಲ್ಲಿ ನಡೆದರೆ ಬೇಕಾದವರು ತಾವಾಗಿಯೇ ಹೋಗುತ್ತಾರೆ. ನಿಮಗೆ ಒತ್ತಾಯವೆನಿಸಿದರೆ ಪಾದ್ರಿಗಳಿಗೋ ಚರ್ಚ್‌ನ ಸಮಿತಿಗೋ ನೇರವಾಗಿ ಹೇಳಿ. ಬಡಿಸುವ ಸ್ವಯಂಸೇವಕರ ಅತಿ ಉತ್ಸಾಹ ಎಷ್ಟೋ ಸಲ ಪಾದ್ರಿಗಳ, ಸಮಿತಿಯವರ ಗಮನಕ್ಕೇ ಬಂದಿರುವುದಿಲ್ಲ.

ಮನೆಯಿಂದ ಹೊರಗೆ ಬರಲಾರದ ಒಂಟಿ ವೃದ್ಧರ ಪರವಾಗಿ ನೆರೆಯವರೂ ಚರ್ಚ್‌ನ ಕಚೇರಿಗೆ ವಿಷಯ ತಿಳಿಸಬಹುದು. ಭೇಟಿಗೆ ಬರುವವರು ಹಾಸಿಗೆಯ ಪಕ್ಕ ಪ್ರಾರ್ಥಿಸುವ ಮೊದಲು ಅಜ್ಜಿಯನ್ನೋ ಅಜ್ಜನನ್ನೋ ಕೇಳಬೇಕೆಂದು ಆಗಲೇ ಸೂಚಿಸಿ.