ಮೊಂಡಾವಿ ಮನೆತನ: ಹೆಸರು ಒಬ್ಬರದ್ದು, ವೈನರಿ ಇನ್ನೊಬ್ಬರದ್ದು

ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯ ವೈನ್ ಬಗ್ಗೆ ಏನೇ ಓದಿದರೂ ಮೊಂಡಾವಿ ಅನ್ನೋ ಹೆಸರು ಬಂದೇ ಬರುತ್ತದೆ. ಆದರೆ ಯಾವ ವೈನರಿ ಯಾರದ್ದು ಅಂತ ಹುಡುಕಲು ಹೊರಟರೆ ತಲೆ ಕೆಡುತ್ತದೆ. ‘ರಾಬರ್ಟ್ ಮೊಂಡಾವಿ’ ವೈನರಿ ಇವತ್ತು ಆ ಮನೆಯವರ ಕೈಯಲ್ಲಿಲ್ಲ. ‘ಚಾರ್ಲ್ಸ್ ಕ್ರುಗ್’ ಅನ್ನೋ ಜರ್ಮನ್ ಹೆಸರಿನ ವೈನರಿ ಮಾತ್ರ ಈಗಲೂ ಮೊಂಡಾವಿಗಳದ್ದೇ. ಇದು ಯಾಕೆ ಹೀಗಾಯಿತು ಅಂತ ತಿಳಿಯಬೇಕಾದರೆ ನೂರಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಹೋಗಬೇಕು.

ಚೇಸರೆ ಮೊಂಡಾವಿ ಇಟಲಿಯ ಮಾರ್ಕೆ ಪ್ರಾಂತ್ಯದ ಸಾಸೊಫೆರಾಟೊ ಊರಿನವರು. 1906ರಲ್ಲಿ ಅಮೆರಿಕಕ್ಕೆ ಬಂದು ಮಿನೆಸೋಟಾದ ಕಬ್ಬಿಣದ ಗಣಿಗೆ ಇಳಿದರು. 1908ರಲ್ಲಿ ಊರಿನ ಕಡೆಯ ರೋಸಾ ಅವರನ್ನು ಮದುವೆಯಾದರು. ರೋಸಾ ಗಣಿ ಕೆಲಸಗಾರರನ್ನು ಮನೆಯಲ್ಲಿ ಇರಿಸಿಕೊಂಡು ಅಡುಗೆ ಮಾಡಿ ಬಡಿಸುತ್ತಿದ್ದರು. ಇಂಥ ಮನೆತನಗಳ ಕಥೆ ಬರೆಯುವಾಗ ಗಂಡಸರ ದುಡಿಮೆಗೆ ಪುಟಗಟ್ಟಲೆ ಜಾಗ ಸಿಗುತ್ತದೆ. ಈ ಒಲೆಯ ಮುಂದಿನ ದುಡಿಮೆಗೆ ಒಂದು ಸಾಲು ಸಿಕ್ಕರೆ ಹೆಚ್ಚು. ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು, ಆಮೇಲೆ 1913ರಲ್ಲಿ ರಾಬರ್ಟ್, 1914ರಲ್ಲಿ ಪೀಟರ್.

1920ರಲ್ಲಿ ಅಮೆರಿಕದಾದ್ಯಂತ ಪಾನನಿಷೇಧ ಜಾರಿಯಾಯಿತು. ಸಾಲುಸಾಲು ವೈನರಿಗಳು ಬಾಗಿಲು ಹಾಕಿದವು. ಮೊಂಡಾವಿಗಳ ಕಥೆ ಶುರುವಾಗುವುದೇ ಅಲ್ಲಿಂದ. ಕಾನೂನಿನಲ್ಲಿ ಒಂದು ಸಂದಿ ಇತ್ತು. ಒಂದು ಕುಟುಂಬ ತನ್ನ ಮನೆಬಳಕೆಗೆ ವರ್ಷಕ್ಕೆ 200 ಗ್ಯಾಲನ್‌ವರೆಗೆ ಹಣ್ಣಿನ ರಸ ಮಾಡಿಕೊಳ್ಳಬಹುದಿತ್ತು. ಅಂದರೆ 750 ಲೀಟರಿಗೂ ಜಾಸ್ತಿ! ಆ ರಸ ಮನೆಯ ನೆಲಮಾಳಿಗೆಯಲ್ಲಿ ಏನಾಗುತ್ತಿತ್ತು ಅಂತ ಎಲ್ಲರಿಗೂ ಗೊತ್ತಿತ್ತು. ಊಟದ ಜೊತೆ ವೈನ್ ಬೇಕೇ ಬೇಕು ಅನ್ನುವ ಇಟಾಲಿಯನ್ ಕುಟುಂಬಗಳು ರೈಲಿನಲ್ಲಿ ದ್ರಾಕ್ಷಿ ತರಿಸಿಕೊಳ್ಳತೊಡಗಿದವು. ಊರಿನ ಇಟಾಲಿಯನ್ನರ ಪರವಾಗಿ ಕ್ಯಾಲಿಫೋರ್ನಿಯಾಕ್ಕೆ ದ್ರಾಕ್ಷಿ ಕೊಳ್ಳಲು ಹೋದ ಚೇಸರೆಗೆ ಈ ವ್ಯಾಪಾರ ಹಿಡಿಸಿತು. ಕೆಲವೇ ವರ್ಷಗಳಲ್ಲಿ ಸಂಸಾರ ಸಮೇತ ಲೋಡಿ ಊರಿಗೆ ಬಂದು ನೆಲೆಸಿದರು.

ಹೀಗೆ ರೈಲು ಹತ್ತಿದ್ದು ನಯವಾದ, ನಾಜೂಕಾದ ದ್ರಾಕ್ಷಿಯಲ್ಲ. ದಿನಗಟ್ಟಲೆ ಪ್ರಯಾಣ ತಡೆಯುವ ದಪ್ಪ ಸಿಪ್ಪೆಯ ಜಾತಿಗಳಿಗೆ ಬೇಡಿಕೆ ಜಾಸ್ತಿ ಇತ್ತು. ಅಲಿಕಾಂಟೆ ಬೂಷೆ ಅನ್ನೋ ಜಾತಿಗೆ ಸಿಪ್ಪೆ ಮಾತ್ರವಲ್ಲ, ತಿರುಳೂ ಕೆಂಪು. ನೀರು, ಸಕ್ಕರೆ ಬೆರೆಸಿ ಎರಡನೇ ಸಲ ಹಿಂಡಿದರೂ ಬಣ್ಣ ಬಿಡುತ್ತಿತ್ತು. ಬೇಸಿಗೆ ರಜೆಯಲ್ಲಿ ರಾಬರ್ಟ್ ಮತ್ತು ಪೀಟರ್ ಕೂತು ದ್ರಾಕ್ಷಿ ತುಂಬುವ ಮರದ ಪೆಟ್ಟಿಗೆಗಳಿಗೆ ಮೊಳೆ ಹೊಡೆಯುತ್ತಿದ್ದರು. ಅಣ್ಣತಮ್ಮಂದಿರು ವೈನ್ ವ್ಯಾಪಾರಕ್ಕೆ ಕಾಲಿಟ್ಟಿದ್ದು ಆ ಪೆಟ್ಟಿಗೆಗಳ ಮೂಲಕ.

1933ರಲ್ಲಿ ಪಾನನಿಷೇಧ ಹೋಯಿತು. ಇಬ್ಬರೂ ಸ್ಟ್ಯಾನ್‌ಫರ್ಡ್‌ನಲ್ಲಿ ಓದಿ ಬಂದರು. 1943ರಲ್ಲಿ ನಾಪಾದ ಚಾರ್ಲ್ಸ್ ಕ್ರುಗ್ ವೈನರಿ ಮಾರಾಟಕ್ಕೆ ಬಂತು. ಪ್ರಷ್ಯಾದಿಂದ ಬಂದ ಇನ್ನೊಬ್ಬ ವಲಸಿಗ 1861ರಲ್ಲಿ ಕಟ್ಟಿದ್ದ ಜಾಗ ಅದು. ಅಪ್ಪನನ್ನು ಒಪ್ಪಿಸಿದ್ದು ರಾಬರ್ಟ್. ಬೆಲೆ 75,000 ಡಾಲರ್. ಹಳೇ ಹೆಸರನ್ನು ಹಾಗೇ ಉಳಿಸಿಕೊಂಡರು.

ಅಣ್ಣ ಮಾರಾಟ ನೋಡಿಕೊಂಡ, ತಮ್ಮ ವೈನ್ ತಯಾರಿಕೆ. ಪೀಟರ್ ರಸವನ್ನು ತಣ್ಣಗಿಟ್ಟು ಹುಳಿಸುವ ವಿಧಾನದ ಹಿಂದೆ ಬಿದ್ದವರು. ಬಿಳಿ ವೈನಿನ ಘಮ ಉಳಿಯುವುದು ಅದರಿಂದಲೇ. ರಾಬರ್ಟ್‌ಗೆ ಯುರೋಪಿನ ವೈನಿಗೆ ಸರಿಸಾಟಿಯಾಗುವ ಕನಸು. ಅದಕ್ಕೆ ಓಡಾಟ, ಔತಣ, ಖರ್ಚು ಎಲ್ಲವೂ ಬೇಕಿತ್ತು. ಅಪ್ಪ ಇರುವವರೆಗೆ ಇದು ಹೇಗೋ ನಡೆಯಿತು. 1959ರಲ್ಲಿ ಚೇಸರೆ ತೀರಿಕೊಂಡರು. ತಾಯಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು ಎಲ್ಲರಿಗೂ ಪಾಲಿತ್ತು. ಕೊನೆಯ ಮಾತು ಯಾರದ್ದು ಅನ್ನೋದು ಮಾತ್ರ ಇತ್ಯರ್ಥವಾಗಿರಲಿಲ್ಲ. ನಮ್ಮ ಕಡೆಯ ಪಾಲು ಪಂಚಾಯಿತಿಗಳನ್ನು ಕಂಡವರಿಗೆ ಮುಂದಿನದು ಹೊಸದೇನಲ್ಲ.

ಜಗಳಕ್ಕೆ ನೆಪವಾದದ್ದು ಒಂದು ಕೋಟು. ಇಟಲಿಯ ಗಣ್ಯರಿಗಾಗಿ ಶ್ವೇತಭವನದಲ್ಲಿ ನಡೆಯಲಿದ್ದ ಔತಣಕ್ಕೆ ರಾಬರ್ಟ್ ದಂಪತಿಗೆ ಕರೆ ಬಂದಿತ್ತು. ಅಲ್ಲಿಗೆ ಹೋಗಲು ಹೆಂಡತಿಗೆ ಮಿಂಕ್ ತುಪ್ಪಳದ ಕೋಟು ಕೊಡಿಸಿದ್ದರು. 1965ರ ನವೆಂಬರ್‌ನಲ್ಲಿ ಮನೆಯವರೆಲ್ಲ ಸೇರಿದ್ದಾಗ ಪೀಟರ್ ಆ ಕೋಟಿಗೆ ದುಡ್ಡು ಎಲ್ಲಿಂದ ಬಂತು ಅಂತ ಕೆದಕಿದರು. ಕಂಪನಿಯ ದುಡ್ಡನ್ನು ಸಿಕ್ಕಾಪಟ್ಟೆ ಖರ್ಚು ಮಾಡ್ತಿದ್ದೀಯ ಅನ್ನೋ ಅರ್ಥ ಅದರಲ್ಲಿತ್ತು. ಮಾತಿಗೆ ಮಾತು ಬೆಳೆಯಿತು. ರಾಬರ್ಟ್ ತಮ್ಮನಿಗೆ ಎರಡೇಟು ಹೊಡೆದರು. ಅವರಿಗಾಗ 52 ವರ್ಷ.

ನಿಜವಾದ ಜಗಳ ಕೋಟಿನದ್ದಲ್ಲ ಅಂತ ಬೇರೆ ಹೇಳಬೇಕಿಲ್ಲ. ಮುಂದಿನ ತಲೆಮಾರಿನವರಿಗೆ, ಅದರಲ್ಲೂ ರಾಬರ್ಟ್‌ರ ಮಗ ಮೈಕಲ್‌ಗೆ, ಕೆಲಸ ಕೊಡಬೇಕೇ ಅನ್ನೋ ಪ್ರಶ್ನೆಯೂ ಹೊಗೆಯಾಡುತ್ತಿತ್ತು. ತಾಯಿ ರೋಸಾ ಪೀಟರ್ ಕಡೆ ನಿಂತರು. ರಾಬರ್ಟ್‌ರನ್ನು ಕೆಲಸದಿಂದ ದೂರ ಇಡಲಾಯಿತು. ಮರುವರ್ಷವೇ ಅವರು ಅದೇ ಕಣಿವೆಯ ಓಕ್‌ವಿಲ್‌ನಲ್ಲಿ, ಪಾಲುದಾರರ ದುಡ್ಡು ಹಾಕಿಸಿ, ಸ್ವಂತ ಹೆಸರಿನ ವೈನರಿ ಕಟ್ಟಿದರು. ಯಾರೂ ಕೇಳದ ಸೋವಿನ್ಯೋ ಬ್ಲಾಂಕ್ ದ್ರಾಕ್ಷಿಯ ವೈನಿಗೆ ‘ಫ್ಯೂಮೆ ಬ್ಲಾಂಕ್’ ಅಂತ ಹೆಸರಿಟ್ಟು ಗೆದ್ದರು.

ಪಾಲಿನ ಜಗಳ ಕೋರ್ಟು ಹತ್ತಿತು. 1976ರಲ್ಲಿ ತೀರ್ಪು ರಾಬರ್ಟ್ ಪರ ಬಂತು. ರೋಸಾ ತೀರಿಕೊಂಡದ್ದೂ ಅದೇ ವರ್ಷ. ಪ್ಯಾರಿಸ್‌ನ ರುಚಿ ಪಂದ್ಯದಲ್ಲಿ ಫ್ರೆಂಚ್ ತೀರ್ಪುಗಾರರ ಮುಂದೆ ನಾಪಾ ವೈನ್‌ಗಳು ಗೆದ್ದದ್ದೂ ಆ ವರ್ಷವೇ. ಗೆದ್ದ ವೈನ್ ಮಾಡಿದ ವಾರೆನ್ ವಿನಿಯಾರ್ಸ್ಕಿ ಮತ್ತು ಮೈಕ್ ಗರ್ಗಿಚ್ ಇಬ್ಬರೂ ಹಿಂದೆ ರಾಬರ್ಟ್ ಬಳಿ ಕೆಲಸ ಮಾಡಿದ್ದವರು. ಅಣ್ಣನ ಪಾಲಿನ ದುಡ್ಡು ಕಟ್ಟಿ, ಸಾಲ ಹೊತ್ತು, ಪೀಟರ್ ಕ್ರುಗ್ ಉಳಿಸಿಕೊಂಡರು.

ಮುಂದಿನ ಇಪ್ಪತ್ತೈದು ವರ್ಷ ರಾಬರ್ಟ್‌ರದ್ದು. ಫ್ರಾನ್ಸಿನ ಹೆಸರಾಂತ ವೈನ್ ತಯಾರಕ ಬಾರನ್ ಫಿಲಿಪ್ ಡಿ ರಾತ್‌ಸ್ಚೈಲ್ಡ್ ಜೊತೆ ಸೇರಿ ಒಪಸ್ ಒನ್ ಅನ್ನೋ ವೈನರಿ ಶುರು ಮಾಡಿದರು. ಅದರ ಮೊದಲ ವೈನ್ 1979ರ ಬೆಳೆಯದ್ದು. ಅಷ್ಟರಲ್ಲಿ ಬೇರು ಹೀರುವ ಫಿಲಾಕ್ಸೆರಾ ಹೇನು ಮತ್ತೆ ಕಣಿವೆಗೆ ಬಂತು. ಬಳ್ಳಿಗಳನ್ನು ಕಸಿ ಕಟ್ಟಿದ್ದ ಎಎಕ್ಸ್‌ಆರ್1 ಅನ್ನೋ ಜಾತಿಯ ಬೇರು ಅದನ್ನು ತಡೆಯಲಿಲ್ಲ. ಆ ಬೇರನ್ನು ನೆಡಲು ಸಲಹೆ ಕೊಟ್ಟಿದ್ದು ತಜ್ಞರೇ. ಕಣಿವೆಯ ತೋಟಗಳನ್ನೇ ಕಿತ್ತು ಮರುನಾಟಿ ಮಾಡಬೇಕಾಯಿತು. ದುಡ್ಡಿಗಾಗಿ 1993ರಲ್ಲಿ ಕಂಪನಿ ಷೇರುಪೇಟೆಗೆ ಹೋಯಿತು. ನನಗೆ ಈ ಕಥೆಯಲ್ಲಿ ದೊಡ್ಡ ತಿರುವು ಅನ್ನಿಸುವುದು ಕೋಟಲ್ಲ, ಇದು. ದ್ರಾಕ್ಷಿ ಬಳ್ಳಿ ಫಲ ಕೊಡಲು ಮೂರು ನಾಲ್ಕು ವರ್ಷ ಬೇಕು, ಒಳ್ಳೆಯ ಕೆಂಪು ವೈನಿಗೆ ಇನ್ನೂ ಜಾಸ್ತಿ. ಷೇರುಪೇಟೆ ಮೂರು ತಿಂಗಳಿಗೊಮ್ಮೆ ಲೆಕ್ಕ ಕೇಳುತ್ತದೆ. 2004ರಲ್ಲಿ ಕಾನ್‌ಸ್ಟೆಲೇಶನ್ ಅನ್ನೋ ದೊಡ್ಡ ಮದ್ಯದ ಕಂಪನಿ ಸಾಲವೂ ಸೇರಿ ಸುಮಾರು 136 ಕೋಟಿ ಡಾಲರಿಗೆ ಎಲ್ಲವನ್ನೂ ಕೊಂಡಿತು. ಒಪಸ್ ಒನ್‌ನ ಅರ್ಧ ಪಾಲು, ರಾಬರ್ಟ್ ಅನ್ನೋ ಹೆಸರು ಎರಡೂ ಅದರ ಜೊತೆ ಹೋದವು.

2005ರಲ್ಲಿ ಅಣ್ಣತಮ್ಮ ಸೇರಿ ಒಂದೇ ಒಂದು ಪೀಪಾಯಿ ವೈನ್ ಮಾಡಿದರು. ನಾಪಾದ ಹರಾಜಿನಲ್ಲಿ ಅದು 4,01,000 ಡಾಲರಿಗೆ ಹೋಯಿತು. ರಾಬರ್ಟ್ 2008ರಲ್ಲಿ 94ನೇ ವಯಸ್ಸಿನಲ್ಲಿ, ಪೀಟರ್ 2016ರಲ್ಲಿ 101ನೇ ವಯಸ್ಸಿನಲ್ಲಿ ತೀರಿಕೊಂಡರು.

2025ರಲ್ಲಿ ಗಂಟು ಇನ್ನಷ್ಟು ಬಿಗಿಯಾಯಿತು. ಕಾನ್‌ಸ್ಟೆಲೇಶನ್ ತನ್ನ ಅಗ್ಗದ ಬ್ರ್ಯಾಂಡ್‌ಗಳನ್ನು ದಿ ವೈನ್ ಗ್ರೂಪ್‌ಗೆ ಮಾರಿತು. ರಾಬರ್ಟ್ ಮೊಂಡಾವಿ ಪ್ರೈವೇಟ್ ಸೆಲೆಕ್ಷನ್ ಕೂಡ ಅದರಲ್ಲಿತ್ತು. ಓಕ್‌ವಿಲ್‌ನ ವೈನರಿಯನ್ನು ಮಾತ್ರ ತಾನೇ ಇಟ್ಟುಕೊಂಡಿತು. ಅತ್ತ 2004ರ ಮಾರಾಟದ ಮರುವರ್ಷವೇ ರಾಬರ್ಟ್‌ರ ಇನ್ನೊಬ್ಬ ಮಗ ಟಿಮ್, ಅಪ್ಪ ಮತ್ತು ಅಕ್ಕ ಮಾರ್ಸಿಯಾ ಜೊತೆ ಸೇರಿ ಕಂಟಿನ್ಯುಯಮ್ ಅನ್ನೋ ಚಿಕ್ಕ ವೈನರಿ ಶುರು ಮಾಡಿದ್ದರು. ಕ್ರುಗ್ ಪೀಟರ್‌ರ ಗಂಡುಮಕ್ಕಳಾದ ಮಾರ್ಕ್ ಮತ್ತು ಪೀಟರ್ ಜೂನಿಯರ್ ಕೈಗೆ ಬಂತು.