ವಾರಕ್ಕೆ 30 ಗಂಟೆ: ಅಮೆರಿಕದ ರೆಸ್ಟೋರೆಂಟ್ ಮಾಲೀಕರ ಮೇಲೆ ವಿಮೆಯ ಹೊಣೆ ಬೀಳುವುದು ಯಾವಾಗ?

ಪ್ರಶ್ನೆ: ಅಮೆರಿಕದಲ್ಲಿ ನನ್ನವೇ ಎರಡು ರೆಸ್ಟೋರೆಂಟ್‌ಗಳಿವೆ, ಬೇರೆ ಬೇರೆ ಕಂಪನಿಯ ಹೆಸರಿನಲ್ಲಿ. ಎರಡೂ ಸೇರಿ ಪೂರ್ಣಾವಧಿಯವರು 28 ಮಂದಿ, ಪಾರ್ಟ್ ಟೈಮ್‌ನವರು 34 ಮಂದಿ. ಪೂರ್ಣಾವಧಿಯವರು 50 ಮುಟ್ಟದಿದ್ದರೆ ಆರೋಗ್ಯ ವಿಮೆಯ ಗೊಡವೆ ಇಲ್ಲ ಎನ್ನುತ್ತಾರೆ. ನಿಜವೇ?

ಉತ್ತರ: ನಿಜವಲ್ಲ. ಆರೋಗ್ಯ ವಿಮೆಯ ಕಾನೂನಾದ 2010ರ ಅಫೋರ್ಡಬಲ್ ಕೇರ್ ಆ್ಯಕ್ಟ್ ಪ್ರಕಾರ ವಾರಕ್ಕೆ ಸರಾಸರಿ 30 ಗಂಟೆ, ಅಥವಾ ತಿಂಗಳಿಗೆ 130 ಗಂಟೆ ದುಡಿದವರು ಪೂರ್ಣಾವಧಿಯವರು. ಕರ್ನಾಟಕದಲ್ಲಿ 48 ಗಂಟೆಯ ವಾರ ನೋಡಿ ಬಂದವರಿಗೆ ಇದು ಅರ್ಧ ಕೆಲಸದಂತೆ ಕಾಣುತ್ತದೆ, ಎಡವುವುದೂ ಅಲ್ಲೇ. ಇದನ್ನು 40 ಗಂಟೆಗೆ ಏರಿಸುವ ಮಸೂದೆ 2015ರ ಜನವರಿಯಲ್ಲಿ ಅಮೆರಿಕದ ಸಂಸತ್ತಿನ ಕೆಳಮನೆಯಾದ ಹೌಸ್‌ನಲ್ಲಿ ಪಾಸಾಯಿತು, ಆದರೆ ಕಾನೂನಾಗಲಿಲ್ಲ.

50ರ ಲೆಕ್ಕಕ್ಕೆ ಪಾರ್ಟ್ ಟೈಮ್‌ನವರೂ ಸೇರುತ್ತಾರೆ. ಅವರೆಲ್ಲರ ತಿಂಗಳ ಗಂಟೆಗಳನ್ನು ಕೂಡಿ (ಒಬ್ಬರಿಗೆ 120 ಮೀರದಂತೆ) 120ರಿಂದ ಭಾಗಿಸಿ. ನಿಮ್ಮ 34 ಮಂದಿ ತಿಂಗಳಿಗೆ ತಲಾ 85 ಗಂಟೆ ದುಡಿದರೆ 2,890 ಗಂಟೆ. ಅಂದರೆ 24 ಜನರಿಗೆ ಸಮ. 28ಕ್ಕೆ 24 ಕೂಡಿಸಿದರೆ 52. ಹೀಗೆ ಹಿಂದಿನ ವರ್ಷದ 12 ತಿಂಗಳ ಸರಾಸರಿ 50 ಮುಟ್ಟಿದರೆ ಈ ವರ್ಷ ನೀವು ಕಾನೂನಿನ ಕಣ್ಣಿಗೆ ದೊಡ್ಡ ಉದ್ಯೋಗದಾತ, ವಿಮೆಯ ಹೊಣೆ ನಿಮ್ಮದು. ಕಂಪನಿ ಎರಡಾದರೂ ಒಡೆತನ ನಿಮ್ಮದೇ ಆದ್ದರಿಂದ ಲೆಕ್ಕ ಒಂದೇ. ಕಡಲತೀರದ ಹೋಟೆಲ್‌ಗಳಂಥ ಸೀಸನ್ ವ್ಯಾಪಾರಕ್ಕೆ ಒಂದು ರಿಯಾಯಿತಿ ಇದೆ: ಸಂಖ್ಯೆ 50 ಮೀರಿದ್ದು ವರ್ಷದಲ್ಲಿ 120 ದಿನಕ್ಕಿಂತ ಹೆಚ್ಚಲ್ಲ, ಮೀರಿದವರೆಲ್ಲ ಸೀಸನ್ ಕೆಲಸಗಾರರು ಎಂದಾದರೆ ಈ ಹೊಣೆ ಇಲ್ಲ.

ದಂಡ ಲೆಕ್ಕ ಹಾಕುವುದು ನಿಜವಾದ ಪೂರ್ಣಾವಧಿಯವರ ಮೇಲಷ್ಟೇ, ಅದರಲ್ಲೂ ಮೊದಲ 30 ಮಂದಿಯನ್ನು ಬಿಟ್ಟು. ಶೇ. 95 ಮಂದಿಗೆ ಮತ್ತು ಅವರ ಮಕ್ಕಳಿಗೆ ವಿಮೆ ಕೊಡಲು ಮುಂದಾಗದೆ, ಅವರಲ್ಲಿ ಒಬ್ಬರಾದರೂ ಸರ್ಕಾರಿ ವಿಮಾ ಮಾರುಕಟ್ಟೆಯಲ್ಲಿ ತೆರಿಗೆ ರಿಯಾಯಿತಿ ಪಡೆದರೆ, 2025ರ ದರದಂತೆ ವರ್ಷಕ್ಕೆ ತಲಾ 2,900 ಡಾಲರ್. ನಿಮ್ಮ 28ಕ್ಕೆ ದಂಡ ಸೊನ್ನೆ. ಆದರೂ ವಿಮೆಯ ವಿವರ ಕೊಡುವ 1094-ಸಿ, 1095-ಸಿ ಫಾರಂಗಳನ್ನು ತೆರಿಗೆ ಇಲಾಖೆಗೆ ಸಲ್ಲಿಸಲೇಬೇಕು, ಮತ್ತು ಈ 28 ಎಂಬ ಸಂಖ್ಯೆಯನ್ನು ನಂಬಿ ಕೂರುವಂತಿಲ್ಲ. ಅದು 38 ಆಗಿ ವರ್ಷವಿಡೀ ಹಾಗೇ ಇದ್ದರೆ 8 × 2,900, ಅಂದರೆ 23,200 ಡಾಲರ್.

28 ಯಾವಾಗ 38 ಆಗುತ್ತದೆ? ರೋಸ್ಟರ್‌ನಲ್ಲಿ 28 ಗಂಟೆ ಬರೆದ ಸರ್ವರ್ ಶುಕ್ರವಾರ, ಶನಿವಾರ ರಾತ್ರಿ 10ಕ್ಕೆ ಹೊರಡಬೇಕು. ಕೊನೆಯ ಟೇಬಲ್ ಏಳುವಷ್ಟರಲ್ಲಿ ಪಂಚ್ ಔಟ್ 11:20. ವಾರಕ್ಕೆ 30 ಗಂಟೆ 40 ನಿಮಿಷ ಆಯಿತು. ನಿಮ್ಮಲ್ಲೇ ಒಂದು ಕಡೆ 18, ಇನ್ನೊಂದು ಕಡೆ 14 ಗಂಟೆ ಮಾಡುವ ಕುಕ್‌ಗೆ 32. ಸಂಬಳ ಸಹಿತ ರಜೆಯ ಗಂಟೆಗಳೂ ಸೇರುತ್ತವೆ. ಎರಡು ಪೇರೋಲ್ ಬೇರೆ ಬೇರೆ ಓಡುವಾಗ ಕುಕ್‌ನ ಆ 32 ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ರೋಸ್ಟರ್ ಬಿಡಿ, ಎರಡೂ ಕಡೆಯ ಪಂಚ್ ದಾಖಲೆಯನ್ನು ಹೆಸರಿನ ಪ್ರಕಾರ ಕೂಡಿಸಿ ನೋಡಿ.

ಗಂಟೆ ಏರಿಳಿಯುವ ಕೆಲಸಕ್ಕೆ ಕಾನೂನೇ ಇನ್ನೊಂದು ದಾರಿ ಕೊಟ್ಟಿದೆ: 3ರಿಂದ 12 ತಿಂಗಳ ಅಳತೆಯ ಅವಧಿ. 12 ತಿಂಗಳಲ್ಲಿ 1,560 ಗಂಟೆ ದಾಟಿದ ಸರ್ವರ್ ಮುಂದಿನ 12 ತಿಂಗಳು ಪೂರ್ಣಾವಧಿಯವರೇ, ಆಮೇಲೆ ಗಂಟೆ ಇಳಿದರೂ. ಈ ವಿಧಾನ 50ರ ಎಣಿಕೆಗೆ ಅಲ್ಲ. ಅದಕ್ಕೆ ತಿಂಗಳ ನಿಜವಾದ ಗಂಟೆಗಳೇ ಬೇಕು.

ವಿಮೆ ತಪ್ಪಿಸಲೆಂದು ಈಗಿರುವವರ ಗಂಟೆ ಕತ್ತರಿಸಬೇಡಿ. ರೆಸ್ಟೋರೆಂಟ್ ಸರಣಿ ಡೇವ್ ಆ್ಯಂಡ್ ಬಸ್ಟರ್ಸ್ ಹೀಗೆ ಮಾಡಿತೆಂದು 2015ರಲ್ಲಿ ನೌಕರರೊಬ್ಬರು ನೌಕರರ ಸೌಲಭ್ಯ ಕಾಯ್ದೆ ಎರಿಸಾ ಅಡಿ ದಾವೆ ಹೂಡಿದರು. ಅದನ್ನು ವಜಾ ಮಾಡಲು ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಲಯ 2016ರಲ್ಲಿ ಒಪ್ಪಲಿಲ್ಲ. ಕಂಪನಿ ಕೊನೆಗೆ ಹಣ ಕೊಟ್ಟು ರಾಜಿಯಾಯಿತು. ಗಂಟೆ ಕಳೆದುಕೊಂಡವರು ಸಂಬಳವನ್ನೂ ಟಿಪ್ಸನ್ನೂ ಕಳೆದುಕೊಳ್ಳುತ್ತಾರೆ ಎಂಬುದೂ ನೆನಪಿರಲಿ.

ನಿಮ್ಮ ರೆಸ್ಟೋರೆಂಟ್ ಹವಾಯಿಯಲ್ಲಿದ್ದರೆ ಲೆಕ್ಕವೇ ಬೇರೆ. ಅಲ್ಲಿನ 1974ರ ಕಾಯ್ದೆಯಂತೆ ಸತತ ನಾಲ್ಕು ವಾರ, ವಾರಕ್ಕೆ 20 ಗಂಟೆ ದುಡಿದವರಿಗೇ ವಿಮೆ ಕೊಡಬೇಕು. 50ರ ಮಿತಿ ಅಲ್ಲಿಲ್ಲ.