ಒಂದೇ ಮಾಡೆಲ್‌ನ ಲೇಸರ್ ಡಯೋಡ್‌ಗಳಲ್ಲಿ ಪವರ್ ವ್ಯತ್ಯಾಸ ಅಳೆಯುವುದು

ಹಳೆ ಡಿವಿಡಿ ರೈಟರ್‌ಗಳಿಂದ ಬಿಚ್ಚಿದ ಕೆಂಪು ಲೇಸರ್ ಡಯೋಡ್‌ಗಳನ್ನೇ ತೆಗೆದುಕೊಳ್ಳೋಣ. ಮಾಡೆಲ್ ಒಂದೇ, ಕೊಟ್ಟ ಕರೆಂಟ್ ಒಂದೇ. ಆದರೂ ಒಂದೊಂದರ ಬೆಳಕಿನ ಪವರ್ ಒಂದೊಂದು ಥರ. ಎಷ್ಟು ಹೆಚ್ಚುಕಡಿಮೆ ಅಂತ ಕೇಳಿದರೆ ಸುಮ್ನೆ ಒಂದು ಶೇಕಡಾ ಲೆಕ್ಕ ಹೇಳಿಬಿಡುತ್ತೇವೆ. ಯಾವ ಕರೆಂಟ್‌ನಲ್ಲಿ ಅಳೆದದ್ದು ಅಂತ ಹೇಳದಿದ್ದರೆ ಆ ಲೆಕ್ಕಕ್ಕೆ ಅರ್ಥವೇ ಇಲ್ಲ.

ಪ್ರತಿ ಡಯೋಡ್‌ಗೂ ಒಂದು ಥ್ರೆಶೋಲ್ಡ್ ಕರೆಂಟ್ ಇರುತ್ತದೆ. ಅದಕ್ಕಿಂತ ಕೆಳಗೆ ಅದು ಮಂಕಾದ ಎಲ್‌ಇಡಿಯಂತೆ ಬೆಳಗುತ್ತದೆ, ಅಷ್ಟೆ. ಅದನ್ನು ದಾಟಿದ ಮೇಲೆ ಪವರ್ ಹೆಚ್ಚುಕಡಿಮೆ ನೇರ ಗೆರೆಯಲ್ಲಿ ಏರುತ್ತದೆ. ಆ ಗೆರೆಯ ಇಳಿಜಾರಿಗೆ ಸ್ಲೋಪ್ ಎಫಿಶಿಯೆನ್ಸಿ ಅಂತಾರೆ.

ಲೆಕ್ಕಕ್ಕೆ ಎರಡು ಡಯೋಡ್ ಊಹಿಸಿಕೊಳ್ಳಿ. ಎರಡರಲ್ಲೂ ಥ್ರೆಶೋಲ್ಡ್ ದಾಟಿದ ಪ್ರತಿ ಮಿಲಿಆಂಪಿಯರ್‌ಗೆ 1 ಮಿಲಿವ್ಯಾಟ್. ಒಂದರ ಥ್ರೆಶೋಲ್ಡ್ 50 ಮಿಲಿಆಂಪಿಯರ್, ಇನ್ನೊಂದರದ್ದು 60. 70 ಮಿಲಿಆಂಪಿಯರ್ ಕೊಟ್ಟರೆ ಮೊದಲನೆಯದು 20 ಮಿಲಿವ್ಯಾಟ್, ಎರಡನೆಯದು 10. ಎರಡು ಪಟ್ಟು! 150ಕ್ಕೆ ಏರಿಸಿ: 100 ಮತ್ತು 90. ಡಯೋಡ್‌ಗಳು ಅವೇ, ವ್ಯತ್ಯಾಸ ಮಾತ್ರ ಸಣ್ಣದಾಗಿ ಕಾಣುತ್ತದೆ. ಹಾಗಾಗಿ ಒಂದೇ ಬಿಂದುವಿನಲ್ಲಿ ಅಳೆದು ಬಿಡಬೇಡಿ. ನಾಲ್ಕೈದು ಕರೆಂಟ್‌ಗಳಲ್ಲಿ ಅಳೆದು ಗೆರೆ ಎಳೆಯಿರಿ. ಥ್ರೆಶೋಲ್ಡ್, ಸ್ಲೋಪ್ ಎರಡನ್ನೂ ಬೇರೆ ಬೇರೆ ಬರೆದಿಡಿ.

ಕರೆಂಟ್ ನಿಜಕ್ಕೂ ಎಷ್ಟು ಹೋಗುತ್ತಿದೆ ಅನ್ನುವುದಕ್ಕೆ ಡ್ರೈವರ್ (ಡಯೋಡ್‌ಗೆ ಕರೆಂಟ್ ಕೊಡುವ ಸರ್ಕ್ಯೂಟ್) ಮೇಲಿನ ಸಂಖ್ಯೆ ನಂಬಬೇಡಿ. ಸರಣಿಯಲ್ಲಿ 1 ಓಮ್ ರೆಸಿಸ್ಟರ್ ಹಾಕಿದರೆ ಅದರ ಮೇಲಿನ 1 ಮಿಲಿವೋಲ್ಟ್ ಅಂದರೆ 1 ಮಿಲಿಆಂಪಿಯರ್. ಡ್ರೈವರ್ ಸಮೇತ ಬರುವ ಅಗ್ಗದ ಮಾಡ್ಯೂಲ್‌ಗಳನ್ನು ಹೋಲಿಸಿದರೆ ಡ್ರೈವರ್‌ಗಳ ವ್ಯತ್ಯಾಸವೂ ಅದರಲ್ಲಿ ಸೇರಿಕೊಂಡಿರುತ್ತದೆ, ಅಲ್ವಾ?

ಬಿಸಿ ಇನ್ನೊಂದು ತಲೆನೋವು. ಡಯೋಡ್ ಬಿಸಿಯಾದಂತೆ ಥ್ರೆಶೋಲ್ಡ್ ಏರುತ್ತದೆ, ಪವರ್ ಇಳಿಯುತ್ತದೆ. ಬೆಳಕು ಬಿದ್ದಾಗ ಆಗುವ ಬಿಸಿಯಿಂದ ಪವರ್ ಅಳೆಯುವ ಥರ್ಮಲ್ ಮೀಟರ್ ನಿಧಾನ, ರೀಡಿಂಗ್ ನಿಲ್ಲುವ ಹೊತ್ತಿಗೆ ಡಯೋಡ್ ಕಾದಿರುತ್ತದೆ. ಎಲ್ಲಕ್ಕೂ ಒಂದೇ ಹೀಟ್ ಸಿಂಕ್ (ಬಿಸಿ ಹೀರುವ ಲೋಹದ ತುಂಡು) ಬಳಸಿ. ಆನ್ ಮಾಡಿದ ಮೇಲೆ ಪ್ರತಿಸಲವೂ ಅಷ್ಟೇ ಹೊತ್ತಿಗೆ ರೀಡಿಂಗ್ ತೆಗೆಯಿರಿ. ಬೆಳಕನ್ನು ನೇರವಾಗಿ ಕರೆಂಟ್ ಮಾಡಿ ಅಳೆಯುವ ಫೋಟೋಡಯೋಡ್ ಸೆನ್ಸರ್ ಚುರುಕು, ಆದರೆ ತರಂಗಾಂತರ ಬದಲಾದರೆ ಅದರ ಲೆಕ್ಕವೂ ಬದಲಾಗುತ್ತದೆ. ಲೆನ್ಸ್ ಕೂಡ ಒಂದೇ ಇರಲಿ. ಬೆಳಕು ಹರಡುವ ಕೋನ ಡಯೋಡ್‌ನಿಂದ ಡಯೋಡ್‌ಗೆ ಬೇರೆ. ಅಗಲವಾಗಿ ಹರಡುವುದರ ಬೆಳಕು ಲೆನ್ಸ್ ಅಂಚಿನಲ್ಲಿ ಜಾಸ್ತಿ ನಷ್ಟವಾಗುತ್ತದೆ.

ಈಗ ಮೀಟರ್ ತಪ್ಪು. ಎಲ್ಲ ರೀಡಿಂಗನ್ನೂ ಶೇಕಡಾ 5ರಷ್ಟು ಜಾಸ್ತಿ ತೋರಿಸುವ ಮೀಟರ್ ಹೋಲಿಕೆಗೆ ಅಡ್ಡಿಯಿಲ್ಲ. ಪ್ರತಿ ಸಲ ಬೇರೆ ಬೇರೆ ತೋರಿಸುವುದೇ ತೊಂದರೆ. ಅದನ್ನು ಪತ್ತೆ ಮಾಡಲು ಒಂದೇ ಡಯೋಡನ್ನು ಬಿಚ್ಚಿ, ಮತ್ತೆ ಕೂರಿಸಿ, ಹಲವು ಸಲ ಅಳೆಯಿರಿ. ಈ ರೀಡಿಂಗ್‌ಗಳ ಸ್ಟ್ಯಾಂಡರ್ಡ್ ಡೀವಿಯೇಶನ್ (ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) 3 ಮಿಲಿವ್ಯಾಟ್, ಬೇರೆ ಬೇರೆ ಡಯೋಡ್‌ಗಳನ್ನು ಒಂದೊಂದು ಸಲ ಅಳೆದಾಗ ಬಂದದ್ದು 5 ಅಂತಿಟ್ಟುಕೊಳ್ಳಿ. ಡಯೋಡ್‌ಗಳ ನಿಜವಾದ ವ್ಯತ್ಯಾಸ 5ರಲ್ಲಿ 3 ಕಳೆದ 2 ಅಲ್ಲ. ವರ್ಗ ಮಾಡಿ ಕಳೆಯಬೇಕು: 25ರಲ್ಲಿ 9 ಹೋದರೆ 16, ಅದರ ವರ್ಗಮೂಲ 4.

ಆ ತರಂಗಾಂತರಕ್ಕೇ ಮಾಡಿದ ಕನ್ನಡಕ ಇಲ್ಲದೆ ಇದ್ಯಾವುದಕ್ಕೂ ಕೈ ಹಾಕಬೇಡಿ. ಕಪ್ಪು ಕೂಲಿಂಗ್ ಗ್ಲಾಸ್ ಲೆಕ್ಕಕ್ಕಿಲ್ಲ.